ಪುಸ್ತಕ ಏರಿಸಿದರೆ ಸಾಲದು, ವರ್ಗಸಂಖ್ಯೆಯೂ ಬೇಕು: ಗ್ರಂಥಾಲಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸರ್ಕಾರದ ದುಡ್ಡಿನಲ್ಲಿ ಅಂತರ್ಜಾಲಕ್ಕೆ ಏರುವ ಪ್ರತಿ ಕನ್ನಡ ಪುಸ್ತಕ, ಕೈಪಿಡಿ, ವಿಡಿಯೊಗೂ ವಿಷಯದ ವರ್ಗಸಂಖ್ಯೆ (ಅದು ಯಾವ ವಿಷಯದ್ದೆಂದು ಹೇಳುವ ಗ್ರಂಥಾಲಯದ ಸಂಖ್ಯೆ) ಹಾಕುವುದನ್ನು ಕಡ್ಡಾಯ ಮಾಡಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇವೆ.

ಹಳ್ಳಿಯ ಓದುಗರು ‘ಸಕ್ಕರೆ ಕಾಯಿಲೆ’ ಎಂದು ಹುಡುಕುತ್ತಾರೆ. ಪುಸ್ತಕದ ಹೆಸರಿನಲ್ಲಿ ‘ಮಧುಮೇಹ’ ಇರುತ್ತದೆ, ವಿಡಿಯೊದ ಹೆಸರಿನಲ್ಲಿ ‘ಡಯಾಬಿಟಿಸ್’. ಪುಸ್ತಕ ಇದ್ದೂ ಕೈಗೆ ಸಿಗುವುದಿಲ್ಲ. ವಿಷಯಗಳನ್ನು ಸಂಖ್ಯೆಗಳಲ್ಲಿ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಈ ಮೂರಕ್ಕೂ ಇರುವುದು 616.462 ಒಂದೇ. ಮೂರು ಪದಗಳನ್ನೂ ಆ ಸಂಖ್ಯೆಗೆ ಕಟ್ಟಿಟ್ಟರೆ ಯಾವುದನ್ನು ಟೈಪ್ ಮಾಡಿದರೂ ಎಲ್ಲವೂ ಬರುತ್ತವೆ. ಬರೀ ಸ್ಕ್ಯಾನ್ ಮಾಡಿದ ಚಿತ್ರ, ಯೂನಿಕೋಡ್‌ಗೆ ಮುಂಚಿನ ಅಕ್ಷರಗಳಲ್ಲಿ ಟೈಪಾದ ಕಡತ ಇಂಥವುಗಳ ಒಳಗಿನ ಪದ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಅವುಗಳಿಗಂತೂ ಈ ಸಂಖ್ಯೆಯೇ ದಾರಿ.

ರೇಷ್ಮೆಯಲ್ಲಿ ತೊಡಕು ತಿರುವುಮುರುವು. ಪದ ಒಂದೇ, ವಿಷಯ ಮೂರು: ಹುಳು ಸಾಕಣೆ 638.2, ಹಿಪ್ಪುನೇರಳೆ 634.38, ರೇಷ್ಮೆ ಬಟ್ಟೆ 677.39. ಕಪಾಟಿನಲ್ಲಿ ಒಂದು ಪ್ರತಿಗೆ ಒಂದೇ ಜಾಗ, ಹಾಗಾಗಿ ಒಂದೇ ಸಂಖ್ಯೆ. ಅಂತರ್ಜಾಲದಲ್ಲಿ ಆ ಕಟ್ಟಿಲ್ಲ. ಸೊಪ್ಪಿನಿಂದ ಗೂಡಿನವರೆಗೆ ಹೇಳುವ ಕೈಪಿಡಿಗೆ ಮೊದಲೆರಡು ಸಂಖ್ಯೆಗಳನ್ನೂ ಕೊಡಬಹುದು, ಕೊಡಬೇಕು. 638.2ರಲ್ಲಿ ಸಿಕ್ಕಿದ್ದು ಕಡಿಮೆಯಾದರೆ ಓದುಗರು 638ಕ್ಕೆ ಏರಿ ಕೀಟ ಸಾಕಣೆಯನ್ನೆಲ್ಲ ನೋಡಬಹುದು, ಅಲ್ಲಿಂದ 630ಕ್ಕೆ, ಅಂದರೆ ಇಡೀ ಕೃಷಿಗೆ. ಸಂಖ್ಯೆಯ ಈ ಮೆಟ್ಟಿಲುಗಳಿಂದಲೇ ವಿಷಯದ ಪದಗಳನ್ನು ಹೊರತೆಗೆಯುವ ಸರಪಳಿ ವಿಧಾನವನ್ನು ಕೊಟ್ಟವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. ಅವರು 1962ರಲ್ಲಿ ಡಿಆರ್‌ಟಿಸಿಯನ್ನು (ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಆ ವಿದ್ಯೆ ಕಲಿತವರು ರಾಜ್ಯದಲ್ಲೇ ಇದ್ದಾರೆ.

ಕೆಲಸ ಕೆಡುವುದು ಸಣ್ಣ ಸಣ್ಣ ಕಡೆ. ಅಪ್‌ಲೋಡ್ ಪುಟದ ವಿಷಯಪಟ್ಟಿಯಲ್ಲಿ ‘ಇತರೆ’ ಎಂಬ ಆಯ್ಕೆ ಇದ್ದರೆ ಅವಸರದಲ್ಲಿರುವವರು ಅದನ್ನೇ ಒತ್ತುತ್ತಾರೆ, ಅದನ್ನು ತೆಗೆಸಿ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿದರೆ ಗಣಕ ಜಾಲಗಳ 004.6 ಎಂಬುದು 4.6 ಆಗುತ್ತದೆ, 025.4 ಎಂಬುದು 25.4 ಆಗುತ್ತದೆ. ಗಣಕ ಜಾಲಗಳ ಪುಸ್ತಕ ವಿಳಾಸವಿಲ್ಲದೆ ಕಳೆದುಹೋಗುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಕೊಳ್ಳಬೇಕು. ಸೊನ್ನೆ ಹೋದ ಮೇಲೆ ಕಾಲಂ ಬದಲಿಸಿದರೆ ಅದು ಮರಳಿ ಬಾರದು. ಇನ್ನೊಂದು, ಆವೃತ್ತಿ. ಡ್ಯೂಯಿಯ 20ನೇ ಆವೃತ್ತಿಯಲ್ಲಿ ಜೀವಶಾಸ್ತ್ರ 574ರಲ್ಲಿತ್ತು, 1996ರ 21ನೇ ಆವೃತ್ತಿಯಲ್ಲಿ 570ಕ್ಕೆ ಹೋಯಿತು. ಯಾವ ಆವೃತ್ತಿಯಿಂದ ತೆಗೆದ ಸಂಖ್ಯೆ ಎಂದು ಬರೆದಿಡದಿದ್ದರೆ ಒಂದೇ ವಿಷಯ ಎರಡು ಕಡೆ ಹರಿದುಹೋಗುತ್ತದೆ. ಗ್ರಂಥಾಲಯಗಳು ಪುಸ್ತಕದ ವಿವರವನ್ನು ಗಣಕದಲ್ಲಿ ಬರೆದಿಡುವ ಮಾರ್ಕ್ (MARC) ದಾಖಲೆಯ 082ನೇ ಕ್ಷೇತ್ರದಲ್ಲಿ ಸಂಖ್ಯೆಯ ಪಕ್ಕದಲ್ಲೇ ಅದಕ್ಕೆ ಜಾಗವಿದೆ.

ಡ್ಯೂಯಿಯ ಹಕ್ಕು ಒಸಿಎಲ್‌ಸಿ ಸಂಸ್ಥೆಯದು, ಪರವಾನಗಿಯ ಮಾತು ಬರುತ್ತದೆ. ಅದು ಹೊರೆಯೆನಿಸಿದರೆ ಅಂಥದ್ದೇ ಇನ್ನೊಂದು ಪದ್ಧತಿಯಾದ ಸಾರ್ವತ್ರಿಕ ದಶಮಾಂಶ ಪದ್ಧತಿಯ (ಯುಡಿಸಿ) ಸುಮಾರು 2,600 ವರ್ಗಗಳ ಸಂಕ್ಷಿಪ್ತ ಪಟ್ಟಿ ಮುಕ್ತವಾಗಿ ಸಿಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಬೆರೆಸಬೇಡಿ.

ಮುಂದಿನ ಡಿಜಿಟಲೀಕರಣ ಟೆಂಡರಿನಲ್ಲಿ ಪುಟಕ್ಕಿಷ್ಟು ಎಂಬ ದರದ ಜೊತೆಗೆ ವರ್ಗೀಕರಣಕ್ಕೂ ಬೇರೆ ದರ ಇಡಿಸಿ. ವರ್ಗಸಂಖ್ಯೆ ಖಾಲಿ ಇರುವ ದಾಖಲೆಗೆ ಬಿಲ್ ಪಾಸಾಗಬಾರದು. ಈಗಾಗಲೇ ಏರಿರುವ ರಾಶಿಯಲ್ಲಿ ಆರೋಗ್ಯ ಮತ್ತು ಕೃಷಿಯಿಂದ ಶುರು ಮಾಡಿ. ಜನ ತುರ್ತಾಗಿ ಹುಡುಕುವುದು ಅವನ್ನೇ.

ಇಂತಿ ತಮ್ಮ ವಿಶ್ವಾಸಿಗಳು,
ವರ್ಗೀಕರಣದ ಕೆಲಸದಲ್ಲಿರುವ ಗ್ರಂಥಪಾಲಕರು