ಹೃದಯದ ಬಗ್ಗೆಯೂ ಕೇಳಿದವರಿಗೆ ಥ್ಯಾಂಕ್ಸ್

ಈ ಸಲದ ರಿಪೋರ್ಟ್ ಬಂತು. ರಕ್ತದಲ್ಲಿನ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150ರ ಕೆಳಗೆ ಇಳಿದಿದೆ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ 5.7ರ ಒಳಗಿದೆ. ಬಿಪಿ ಮಾತ್ರೆ ನಿಂತಿಲ್ಲ, ಆದರೆ ಡೋಸ್ ಕಡಿಮೆಯಾಗಿದೆ. "ಬಿಪಿ ಮನೆಯಲ್ಲೇ ನೋಡ್ಕೊಳ್ತಿರಿ, ರಕ್ತ ಪರೀಕ್ಷೆಗೆ ಮುಂದಿನ ವರ್ಷ ಬಂದರೆ ಸಾಕು" ಅಂದರು ಡಾಕ್ಟರು. ಈ ಖುಷಿಯಲ್ಲಿ ತುಂಬಾ ಜನರ ಪಾಲಿದೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುವುದು ಆಗದ ಮಾತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗಲೇ ನನಗೆ ಪಿಸಿಒಎಸ್ ಅಂತ ಗೊತ್ತಾಗಿತ್ತು. ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮಗುವಾಗುವುದು ಕಷ್ಟವಾಗಬಹುದಾದ ತೊಂದರೆ ಅದು. ಆಮೇಲೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಮುಟ್ಟು ಸರಿಯಾಗಿ ಆಗ್ತಿದೆಯಾ? ಏನಾದ್ರೂ ವಿಶೇಷ ಇದೆಯಾ? ಮಗಳು ಹುಟ್ಟಿದ್ದೇ ತಡ, ಕಾಯಿಲೆಯ ಮಾತೇ ನಿಂತುಹೋಯಿತು. ಮಗು ಆಯ್ತಲ್ಲ, ಇನ್ನೇನು!

ಹಾಗಾಗಿ ಮೊದಲ ನಮಸ್ಕಾರ ಇಲ್ಲೇ ದಾವಣಗೆರೆಯಲ್ಲಿರುವ ನಮ್ಮ ಫಿಜಿಷಿಯನ್ ಮೇಡಂಗೆ. ನಾನು ಹೋಗಿದ್ದು ಕೆಮ್ಮು ಅಂತ. ಅವರು ಬಿಪಿ ನೋಡಿದರು, ಹೊಟ್ಟೆಯ ಸುತ್ತ ಟೇಪ್ ಹಿಡಿದರು. ನಮ್ಮ ಕಡೆಯ ಹೆಂಗಸರಿಗೆ ಅದು 80 ಸೆಂಟಿಮೀಟರ್ ದಾಟಿದರೆ ಗಮನ ಕೊಡಬೇಕಂತೆ. ಬಸುರಿಯಾಗಿದ್ದಾಗ ಬಿಪಿ ಏರಿತ್ತಾ, ಸಕ್ಕರೆ ಇತ್ತಾ, ತಂದೆತಾಯಿಗೆ ಹಾರ್ಟ್ ತೊಂದರೆ ಇದೆಯಾ, ಗೊರಕೆ ಹೊಡೀತೀರಾ ಅಂತೆಲ್ಲ ಕೇಳಿದರು. ಕೊನೆಯದಕ್ಕೆ ನನಗಿಂತ ಮೊದಲು ನಮ್ಮ ಯಜಮಾನರೇ "ಹೌದು" ಅಂದರು.

ಪಿಸಿಒಎಸ್‌ಗೂ ಹೃದಯಕ್ಕೂ ಏನು ಸಂಬಂಧ ಅಂತ ಕೇಳಿದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಪಿಸಿಒಎಸ್ ಇರುವ ಹೆಚ್ಚಿನವರ ದೇಹ, ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನ್ ಹೆಚ್ಚುತ್ತದೆ. ಗದ್ದದ ಮೇಲಿನ ಕೂದಲು ಅದರದ್ದೇ ಕೊಡುಗೆ. ಅತ್ತ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಬಿಪಿಯೂ ಮೇಲೆ ಹೋಗಬಹುದು. ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಇದೆಲ್ಲ ಶುರುವಾಗಿರಬಹುದು. ಅವರು ಹೆದರಿಸಲಿಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲು ಒಟ್ಟಾರೆ ಅಪಾಯ ಕಡಿಮೆಯೇ, ಈಗಿಂದಲೇ ನೋಡಿಕೊಂಡರೆ ಒಳ್ಳೆಯದು ಅಂದರು, ಅಷ್ಟೇ.

ಅಲ್ಲಿನ ಸಿಸ್ಟರ್‌ಗೂ ನಾನು ಋಣಿ. ನನ್ನ ತೋಳು ದಪ್ಪ. ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಒಳಗಿಂದ ದೊಡ್ಡ ಪಟ್ಟಿ ಹುಡುಕಿ ತಂದರು. ಸ್ವಲ್ಪ ಹೊತ್ತು ಸುಮ್ನೆ ಕೂರಿಸಿ ಮತ್ತೆ ನೋಡಿದರು. ತೂಕದ ಬಗ್ಗೆ ಒಂದೇ ಒಂದು ಕೊಂಕು ಮಾತಿಲ್ಲ. ಆ ಮಾತಿಗೆ ಅಂಜಿಯೇ ಆಸ್ಪತ್ರೆ ಮೆಟ್ಟಿಲು ಹತ್ತದ ಹೆಂಗಸರು ನನಗೆ ಗೊತ್ತು. ಇನ್ನು ತೆಳ್ಳಗಿದ್ದು ಪಿಸಿಒಎಸ್ ಇರುವವರಿಗೆ ಕೊಲೆಸ್ಟರಾಲ್ ನೋಡಿಸಿ ಅಂತ ಹೇಳುವವರೇ ಕಡಿಮೆ. ಅದು ಬೇರೆ ಕಥೆ.

ಅತ್ತೆ, ಇದನ್ನು ನಿಮಗೆ ಮೊಮ್ಮಗಳು ಓದಿ ಹೇಳುತ್ತಾಳೆ. ರಾತ್ರಿ ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಕಾಳು ಪಲ್ಯ ಶುರು ಮಾಡಿದಿರಿ. ಬರೀ ನನಗಲ್ಲ, ಇಡೀ ಮನೆಗೆ. ನನಗೊಬ್ಬಳಿಗೇ ಬೇರೆ ಪಾತ್ರೆಯಲ್ಲಿ ಪಥ್ಯದ ಊಟ ಇಟ್ಟಿದ್ದರೆ ಒಂದು ವಾರಕ್ಕೇ ಕೈಬಿಡುತ್ತಿದ್ದೆ. ಭಾನುವಾರದ ಬೆಣ್ಣೆ ದೋಸೆಯನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ. ಒಂದೇ ದೋಸೆ, ನಿಜ. ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಅದೂ ಬೇಡ ಅಂದರೆ ಹೇಗೆ?

ಕುಂದವಾಡ ಕೆರೆಯ ಹತ್ತಿರ ನಡೆಯಲು ಜೊತೆಯಾದ ಎದುರು ಮನೆ ಆಂಟಿಗೆ, ಆ ಹೊತ್ತಿನಲ್ಲಿ ಮಗಳಿಗೆ ಜಡೆ ಹಾಕಲು ಕಲಿತ ಯಜಮಾನರಿಗೆ ಥ್ಯಾಂಕ್ಸ್. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಅಂತ ಹೇಳುವುದು ಸುಲಭ. ಆ ಸಮಯವನ್ನು ಮನೆಯಲ್ಲಿ ಯಾರಾದರೂ ಬಿಟ್ಟುಕೊಡಬೇಕಲ್ವಾ? ತೂಕ ಇಳಿದಿದ್ದು ಸ್ವಲ್ಪವೇ. ಆದರೂ ರಿಪೋರ್ಟ್ ಬದಲಾಯಿತು.

ಮುಖ ಪರಿಚಯವೇ ಇಲ್ಲದವರಿಗೂ ಒಂದು ಥ್ಯಾಂಕ್ಸ್ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಪಿಸಿಒಎಸ್‌ಗೆ ಹೊಸ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಈ ಹೆಂಗಸರಿಗೆ ಹೃದಯದ ಅಪಾಯ ಜಾಸ್ತಿ ಎಂದೇ ಪರಿಗಣಿಸಿ ಎಂದು ಅದು ಹೇಳುತ್ತದೆ. ಕಾಯಿಲೆ ಗೊತ್ತಾದಾಗಲೇ ಕೊಲೆಸ್ಟರಾಲ್ ಮತ್ತು ಸಕ್ಕರೆ ಪರೀಕ್ಷೆ, ವರ್ಷಕ್ಕೊಮ್ಮೆ ಬಿಪಿ, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ ಸಕ್ಕರೆ. ಅದನ್ನು ರೂಪಿಸುವಾಗ ಪಿಸಿಒಎಸ್ ಇರುವ ಹೆಂಗಸರ ಮಾತನ್ನೂ ಕೇಳಿದ್ದಾರೆ. ನಮ್ಮ ಮೇಡಂ ಟೇಬಲ್ಲಿನವರೆಗೆ ಅದು ಬಂದಿದೆ, ನನಗೆ ಅಷ್ಟು ಸಾಕು.

ಕೊನೆಯದು ನಾದಿನಿ ಮಗಳಿಗೆ. ಡಿಗ್ರಿ ಓದುತ್ತಿದ್ದಾಳೆ, ಅವಳಿಗೂ ಈಗ ಪಿಸಿಒಎಸ್ ಅಂತ ಗೊತ್ತಾಗಿದೆ. ಮುಟ್ಟಿನ ಮಾತ್ರೆ ಬರೆದ ಚೀಟಿ ಕೈಗೆ ಬಂದಾಗ "ಲಿಪಿಡ್ ಪ್ರೊಫೈಲ್ ಕೂಡ ಬರೀತೀರಾ ಸರ್? ನಮ್ಮತ್ತೆಗೆ ಹೀಗಾಗಿತ್ತು" ಅಂತ ನನ್ನ ಕಥೆ ಹೇಳಿ ಕೊಲೆಸ್ಟರಾಲ್ ಪರೀಕ್ಷೆ ಕೇಳಿದಳಂತೆ. ಬರೆದುಕೊಟ್ಟರಂತೆ. ಧೈರ್ಯ ಮಾಡಿ ಕೇಳಿದೆಯಲ್ಲ ಪುಟ್ಟಿ, ಥ್ಯಾಂಕ್ಸ್. ಶನಿವಾರ ಬೆಳಗ್ಗೆ ಲ್ಯಾಬ್‌ಗೆ ನಾನೂ ಬರುತ್ತೇನೆ.