ದೂರುವ ಮೊದಲು ತಿಳಿಸಿ ಹೇಳೋಣ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹೊತ್ತಿನಲ್ಲಿ ಯೇಸುವಿನ ಜನನದ ದೃಶ್ಯವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ ನೋಡಲು ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯಕ್ಕೂ ಮಲೆನಾಡಿನ ಸಣ್ಣಪುಟ್ಟ ಚರ್ಚುಗಳಿಗೂ ಎಲ್ಲ ಧರ್ಮದವರು ಬರುತ್ತಾರೆ. ಅವರು ಬರುವುದು ನಮಗೆ ಸಂತೋಷವೇ. ಆದರೆ ಪೂಜೆ ನಡೆಯುವ ಬಲಿಪೀಠದ ಮೆಟ್ಟಿಲೇರಿ, ಅದಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವವರ ಬಗ್ಗೆ ನಮ್ಮವರು ಬೇಸರಪಡುವುದನ್ನು ಕೇಳಿದಾಗಲೆಲ್ಲ, ಅಲ್ಲಿ ಏನಿದೆ ಎಂಬುದನ್ನು ನಾವು ಅವರಿಗೆ ಎಂದಾದರೂ ತಿಳಿಸಿದ್ದೇವೆಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಥೋಲಿಕ ಚರ್ಚಿನಲ್ಲಿ ಪೀಠದ ಹಿಂದೆಯೋ ಪಕ್ಕದಲ್ಲೋ ಒಂದು ಪುಟ್ಟ ಪೆಟ್ಟಿಗೆ, ಅದರ ಬಳಿ ಹಗಲಿರುಳು ಉರಿಯುವ ಒಂದು ದೀಪ ಇರುತ್ತವೆ. ಬಲಿಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಕಾದಿರಿಸುವುದು ಆ ಪೆಟ್ಟಿಗೆಯಲ್ಲಿ. ಅದು ಬರಿಯ ಸಂಕೇತವಲ್ಲ, ಸಾಕ್ಷಾತ್ ಕ್ರಿಸ್ತರೇ ಅಲ್ಲಿದ್ದಾರೆ ಎಂಬುದು ನಮ್ಮ ವಿಶ್ವಾಸ. ಬಾಗಿಲ ಬಳಿಯ ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಂಡು ಒಳಬಂದವರು ಕುಳಿತುಕೊಳ್ಳುವ ಮೊದಲು ಬಲ ಮೊಣಕಾಲನ್ನು ನೆಲಕ್ಕೆ ಊರುವುದು ಈ ಸಾನ್ನಿಧ್ಯಕ್ಕಾಗಿಯೇ ಹೊರತು ಕಟ್ಟಡದ ಅಂದಕ್ಕಾಗಿ ಅಲ್ಲ. ಕ್ರಿಸ್ತರ ಮರಣವನ್ನು ನೆನೆಯುವ ಶುಭ ಶುಕ್ರವಾರದಂದು ಆ ಪೆಟ್ಟಿಗೆ ಬರಿದಾಗಿ ಬಾಗಿಲು ತೆರೆದಿರುತ್ತದೆ. ಅಂದು ಚರ್ಚಿನೊಳಗೆ ಕಾಲಿಟ್ಟವರಿಗೆ ಉಳಿದ ದಿನಗಳಲ್ಲಿ ಅಲ್ಲಿ ಇರುವುದೇನೆಂದು ಯಾರೂ ವಿವರಿಸಬೇಕಾಗಿಲ್ಲ. ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಇಂಥ ಪೆಟ್ಟಿಗೆ ಇರುವುದಿಲ್ಲವಾದರೂ ದೇವರ ವಾಕ್ಯವನ್ನು ಓದುವಾಗಿನ ಮೌನಕ್ಕೆ ಅಷ್ಟೇ ತೂಕವಿದೆ.

ಚಪ್ಪಲಿ ಬಿಡಬೇಕೇ ಬೇಡವೇ ಎಂಬ ವಾದವೂ ಆಗಾಗ ಏಳುತ್ತದೆ. ಬಿಡಲೇಬೇಕೆಂಬ ಸಾರ್ವತ್ರಿಕ ನಿಯಮ ನಮ್ಮಲ್ಲಿಲ್ಲ. ಆದರೆ ಪೂಜೆಯನ್ನು ಭಾರತೀಯ ರೀತಿಗೆ ಹೊಂದಿಸಲು ಭಾರತದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಕೋರಿಕೆಯ ಮೇರೆಗೆ 1969ರಲ್ಲಿ ರೋಮ್ ಒಪ್ಪಿಗೆ ನೀಡಿದ 12 ಅಂಶಗಳಲ್ಲಿ ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತು ಪೂಜೆಯಲ್ಲಿ ಪಾಲ್ಗೊಳ್ಳುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ, ಇವೆಲ್ಲ ಸೇರಿದ್ದವು. ಹಾಗಾಗಿ ಮಳೆಗಾಲದಲ್ಲಿ ಕೊಡೆಯ ಜೊತೆ ಚಪ್ಪಲಿಯನ್ನೂ ಹೊರಗೇ ಬಿಟ್ಟು ಒಳಬಂದು ಕೈಮುಗಿಯುವ ನೆರೆಮನೆಯ ಹಿಂದೂ ತಾಯಿಯ ಭಕ್ತಿ ನಮಗೆ ಹೊರಗಿನದಾಗಿ ಕಾಣಬಾರದು. ಬೂಟು ಹಾಕಿಕೊಂಡೇ ಬೆಂಚಿನಲ್ಲಿ ಕುಳಿತು ಪ್ರವಚನದ ನಡುವೆ ಮೊಬೈಲ್ ತಿರುವುವ ನಮ್ಮವರನ್ನು ಕಂಡಾಗಲೇ ನನಗೆ ಹೆಚ್ಚು ನೋವಾಗುತ್ತದೆ.

ಇದರಲ್ಲಿ ನನ್ನ ತಪ್ಪೂ ಇದೆ. ನಮ್ಮ ಮನೆಯ ಮದುವೆಯೊಂದರಲ್ಲಿ ಛಾಯಾಗ್ರಾಹಕ ಹುಡುಗ ಪರಮಪ್ರಸಾದದ ಪೆಟ್ಟಿಗೆಗೆ ಅಡ್ಡವಾಗಿ ದೀಪದ ಸ್ಟ್ಯಾಂಡ್ ನಿಲ್ಲಿಸಿದಾಗ, ಮದುವೆ ಮನೆಯಲ್ಲಿ ಮಾತು ಬೇಡವೆಂದು ಸುಮ್ಮನಿದ್ದುಬಿಟ್ಟೆ. ಅವನಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ಆದ್ದರಿಂದ ಪ್ರತಿ ಚರ್ಚಿನ ಬಾಗಿಲಲ್ಲಿ, ‘ನಿಷೇಧಿಸಲಾಗಿದೆ’ ಎಂಬ ಫಲಕದ ಬದಲಿಗೆ, ಆ ದೀಪ ಏಕೆ ಉರಿಯುತ್ತಿದೆ, ಪೀಠದ ಮೆಟ್ಟಿಲನ್ನು ಏಕೆ ಏರಬಾರದು, ಕ್ರೈಸ್ತರಾಗುವ ದೀಕ್ಷಾಸ್ನಾನ ಪಡೆಯದವರು ಪರಮಪ್ರಸಾದದ ಸಾಲಿನಲ್ಲಿ ಏಕೆ ನಿಲ್ಲಬಾರದು ಎಂಬುದನ್ನು ಸರಳ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಬೇಕೆಂದು ಧರ್ಮಕೇಂದ್ರಗಳ ಗುರುಗಳಲ್ಲಿ ವಿನಂತಿಸುತ್ತೇನೆ. ಕ್ರಿಸ್‌ಮಸ್ ರಾತ್ರಿ ಅದನ್ನೇ ಬಾಯಿಮಾತಿನಲ್ಲಿ, ನಗುಮುಖದಿಂದ ಹೇಳಲು ಇಬ್ಬರು ಯುವಕರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ