ಒಂದು ಸಲಕ್ಕೆ ಒಂದೇ ಕಿಲೋ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬನವಾಸಿ ಅನಾನಸ್ ಅಗ್ಗಕ್ಕೆ ಸಿಕ್ಕಿತು, ಐದು ಕಿಲೋ ಒಟ್ಟಿಗೇ ಜಾಮ್ ಮಾಡಿಬಿಡುತ್ತೇನೆ ಅಂದೆಯಲ್ಲ, ಬೇಡ ಮಾರಾಯ್ತಿ. ಅಷ್ಟು ಹಣ್ಣಿನ ನೀರು ಮನೆಯ ಒಲೆಯಲ್ಲಿ ಬತ್ತಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಘಮ ಹಾರಿ ಬಣ್ಣ ಕಂದಾಗುತ್ತದೆ, ಜಾಮನ್ನು ಗಟ್ಟಿ ಹಿಡಿಯುವ ಪೆಕ್ಟಿನ್ ಕುದಿದು ಕುದಿದು ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಸಿಗುವುದು ಅಂಟು ಪಾಕ. ಒಂದು ಸಲಕ್ಕೆ ಒಂದು ಕಿಲೋ ಹಣ್ಣು, ಅಗಲ ಬಾಯಿಯ ದಪ್ಪ ತಳದ ಸ್ಟೀಲ್ ಪಾತ್ರೆ, ಅಷ್ಟೇ.

ಅನಾನಸಿನಲ್ಲಿ ಪೆಕ್ಟಿನ್ ಕಡಿಮೆ. ಅದಕ್ಕೆ ಅಂಗಡಿಯ ಪುಡಿಗಿಂತ ಪೇರಲೆಯೇ ವಾಸಿ. ದೋರೆಗಾಯಿ ಆರಿಸು, ಕಳಿತಷ್ಟೂ ಪೆಕ್ಟಿನ್ ಇಳಿಯುತ್ತದೆ. ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ 20 ನಿಮಿಷ ಬೇಯಿಸಿ, ಜರಡಿಯಲ್ಲಿ ಒತ್ತಿ ಬೀಜ ತೆಗೆ. ಈ ತಿರುಳು 300 ಗ್ರಾಂ, ಸಿಪ್ಪೆ, ಕಣ್ಣು, ನಡುದಿಂಡು ತೆಗೆದ ಅನಾನಸ್ 700 ಗ್ರಾಂ, ಸಕ್ಕರೆ 750 ಗ್ರಾಂ, ಎರಡು ಲಿಂಬೆಯ ರಸ. ಅನಾನಸನ್ನು ಸಣ್ಣಗೆ ಹೆಚ್ಚು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಬರೀ ನೊರೆ.

ಮೊದಲು ಹಣ್ಣು ಮಾತ್ರ ಬೇಯಲಿ. ಮೆತ್ತಗಾಗುವ ಮುಂಚೆ ಸಕ್ಕರೆ ಬಿದ್ದರೆ ಹೋಳು ಬಿರುಸಾಗಿಯೇ ಉಳಿಯುತ್ತದೆ. ಆಮೇಲೆ ಸಕ್ಕರೆ ಮತ್ತು ಲಿಂಬೆರಸದಲ್ಲಿ ಅರ್ಧ ಪಾಲು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸು, ಪಾತ್ರೆಯ ಅಂಚಿಗೆ ಹತ್ತಿದ ಹರಳನ್ನೂ ಒಳಗೆ ಇಳಿಸು. ಆ ಹರಳು ಉಳಿದರೆ, ಹುಳಿ ಸಾಲದಿದ್ದರೆ, ತಿಂಗಳಲ್ಲಿ ಜಾಮ್ ಸಕ್ಕರೆಗಟ್ಟುತ್ತದೆ. ಕರಗಿದ ಮೇಲೆ ಉರಿ ದೊಡ್ಡದು ಮಾಡಿ, ಉದ್ದ ಹಿಡಿಯ ಮರದ ಸಟ್ಟುಗದಿಂದ ಮಗುಚುತ್ತಿರು, ಗಟ್ಟಿಯಾದಂತೆ ಕೈಗೆ ಸಿಡಿಯುತ್ತದೆ. ಉಳಿದ ಲಿಂಬೆರಸ ಕೊನೆಯ ಐದು ನಿಮಿಷಕ್ಕೆ. ರುಚಿಯೆಂದು ಮೂರನೆಯ ಲಿಂಬೆ ಹಿಂಡಬೇಡ, ಹುಳಿ ಹೆಚ್ಚಾದ ಜಾಮ್ ನೀರು ಬಿಡುತ್ತದೆ.

ಹದ ತಪ್ಪುವುದು ಇಲ್ಲಿಂದ. ಎಳೆಪಾಕ ನೋಡುವ ಕೈಗೆ ಜಾಮ್ ಯಾವಾಗಲೂ ತೆಳ್ಳಗೆ ಕಾಣುತ್ತದೆ, ಇನ್ನೊಂದು ಕುದಿ ಇರಲಿ ಅನ್ನಿಸುತ್ತದೆ. ಬಿಸಿ ಜಾಮ್ ತೆಳ್ಳಗೇ ಇರಬೇಕು. ಸ್ಟೀಲ್ ತಟ್ಟೆಯೊಂದನ್ನು ಮೊದಲೇ ಫ್ರೀಜರಿನಲ್ಲಿಡು. ಒಲೆ ಆರಿಸಿ, ತಟ್ಟೆಗೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿಂದ ತಳ್ಳು. ಮೇಲೆ ಸುಕ್ಕು ಎದ್ದು, ಬೆರಳು ಎಳೆದ ದಾರಿ ಕೂಡಿಕೊಳ್ಳದಿದ್ದರೆ ಆಯಿತು. ಥರ್ಮಾಮೀಟರ್ ಇದ್ದರೆ ಪುಸ್ತಕದ 105 ಡಿಗ್ರಿ ಕಾಯಬೇಡ. ಅದು ಸಮುದ್ರಮಟ್ಟದ ಲೆಕ್ಕ; ನಿನ್ನ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ, ಜಾಮಿಗೆ 101–102 ಸಾಕು. ತೂಕವನ್ನೂ ನೋಡಬಹುದು: ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೋ, ಒಳಗಿನದ್ದು 1.3 ಕಿಲೋ ಹತ್ತಿರಕ್ಕೆ ಇಳಿದರೆ ಹದ.

ಗಾಜಿನ ಬಾಟಲಿ ಹತ್ತು ನಿಮಿಷ ಕುದಿಸಿ ಒಣಗಿಸು. ಬಾಟಲಿ ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬಿ, ಮೇಲೆ ಕಾಲು ಇಂಚು ಜಾಗ ಬಿಟ್ಟು ತಕ್ಷಣ ಮುಚ್ಚು. ಅರೆಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಹನಿ ಕೆಳಗೆ ಬಿದ್ದು ಅಲ್ಲಷ್ಟೇ ಸಕ್ಕರೆ ತೆಳುವಾಗುತ್ತದೆ, ಬೂಸ್ಟು ಶುರುವಾಗುವುದು ಅಲ್ಲೇ. ಸಕ್ಕರೆ 600 ಗ್ರಾಮಿಗೆ ಇಳಿಸುವುದಾದರೆ ಫ್ರಿಜ್ಜಿನಲ್ಲಿಟ್ಟು ಮೂರು ವಾರದೊಳಗೆ ಮುಗಿಸು.

ಮರುದಿನ ಗಟ್ಟಿಯಾಗದೆ ತೆಳ್ಳಗೇ ಕಂಡರೆ ಗಾಬರಿ ಬೇಡ, ಒಂದು ಚಮಚ ಲಿಂಬೆರಸ ಹಾಕಿ ಐದು ನಿಮಿಷ ಮತ್ತೆ ಕುದಿಸಿ ತಟ್ಟೆಯಲ್ಲಿ ನೋಡು. ಉಳಿದ ಅನಾನಸನ್ನು ಹೆಚ್ಚಿ, 700 ಗ್ರಾಂ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕು, ವಾರಕ್ಕೊಂದು ತೆಗೆ.

ಇಂತಿ,
ದೊಡ್ಡಮ್ಮ